ಹೊಡೆದುಹಾಕಿದ ಸಾಲು

ಜನವರಿ 9

ಅಪ್ಪ,

ತೀರ್ಥರೂಪು, ಸಾಷ್ಟಾಂಗ ಎಂದೆಲ್ಲ ಬರೆದರೆ ನೀವು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹೂಂ", "ಸರಿ", "ಇಡ್ಲಾ" ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಆಡುವುದಿಲ್ಲ. ಕಾಗದ ಬರೆದರೆ ಒಂದು ಪುಟವಾದರೂ ಸಿಗುತ್ತದೆ ಎಂಬ ಆಸೆ.

ನಿಮ್ಮ ಪ್ರೆಸ್ಸಿನ ಆಫೀಸನ್ನು ಒಡೆದು ಹೊಸದಾಗಿ ಮಾಡುವ ಕೆಲಸ ನಮ್ಮ ಕಂಪನಿಗೆ ಬಂದಿದೆ. ನಾನು ಕೇಳಿ ಪಡೆದದ್ದಲ್ಲ. ನಮ್ಮ ಸಾಹೇಬರು ಫೈಲನ್ನು ನನ್ನ ಮೇಜಿನ ಮೇಲೆ ಹಾಕಿ, "ಹಳೇ ಕಟ್ಟಡ, ಎಲ್ಲಿ ನೋಡಿದ್ರೂ ಗೋಡೆ. ನಿಂಗೆ ಗೋಡೆ ಕಂಡ್ರೆ ಆಗಲ್ವಲ್ಲ, ನೀನೇ ಮಾಡು" ಅಂದರು. ಒಳಗೆ ನಿಮ್ಮ ಪ್ರೆಸ್ಸಿನ ಹೆಸರು ನೋಡಿ ನಗು ಬಂತು.

ಗೋಡೆ ಕಂಡರೆ ನನಗೇಕೆ ಆಗುವುದಿಲ್ಲ ಎಂದು ನಿಮಗೆ ಗೊತ್ತು. ತಿದ್ದಲು ಅಚ್ಚಿನ ಪ್ರೂಫ್ ಮನೆಗೆ ತಂದ ದಿನ ನೀವು ಆ ತುದಿ ಮುರಿದ ಮರದ ಸ್ಕೇಲನ್ನು ಕೋಣೆಯ ಹೊರಗಿನ ಮೊಳೆಗೆ ನೇತುಹಾಕಿ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ಸ್ಕೇಲು ನೇತಾಡುತ್ತಿದ್ದರೆ ಯಾರೂ ಕರೆಯಬಾರದು, ತಟ್ಟಬಾರದು. "ಗುಮ್ಮನಗುಸಕ ಗೂಡು ಸೇರಿದ್ರು" ಎಂದು ಅಮ್ಮ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಶಾಲೆಯ ಸುದ್ದಿಯನ್ನೆಲ್ಲ ಬಾಗಿಲಿಗೇ ಹೇಳುತ್ತಿದ್ದೆ. ಮಾತಿನಮಲ್ಲಿ ಎಂಬ ಹೆಸರು ನನಗೆ ಅಂಟಿಕೊಂಡದ್ದು ಅಲ್ಲಿಂದಲೇ.

ಮುಂದಿನ ತಿಂಗಳು ಬಂದು ಅಳತೆ ತೆಗೆದುಕೊಳ್ಳುತ್ತೇನೆ. ಅದಕ್ಕೆ ಮೊದಲು ನಿಮಗೆ ಏನು ಬೇಕೋ ಬರೆಯಿರಿ. ಅಪ್ಪ ಎಂದು ಕೇಳುತ್ತಿಲ್ಲ, ಅಲ್ಲಿ ಕೂತು ಕೆಲಸ ಮಾಡುವವರು ಎಂದು ಕೇಳುತ್ತಿದ್ದೇನೆ.

ನಿಮ್ಮ
ಮಾತಿನಮಲ್ಲಿ


ಜನವರಿ 20

ಮಗೂ,

ಕಾಗದ ಬಂತು. ಎರಡು ಕಡೆ ಅಲ್ಪವಿರಾಮ ಬಿಟ್ಟಿದ್ದೀಯ. ಓದುವಾಗ ನಾನೇ ಹಾಕಿಕೊಂಡೆ.

ಕೆಲಸ ನಿನಗೆ ಬಂದದ್ದು ಸಂತೋಷ. ನಮ್ಮದು ಹಿಂಭಾಗದ ಕೋಣೆ. ಎಂಟು ಅಡಿ, ಹತ್ತು ಅಡಿ. ಒಂದು ಕಿಟಕಿ ಇದೆ, ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ. ನಾನು ಮತ್ತು ಟೀಚರಮ್ಮ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂರುತ್ತಿದ್ದೇವೆ. ಅವರು ಮೊದಲು ಶಾಲೆಯಲ್ಲಿದ್ದವರು, ನೀನು ನೋಡಿದ್ದೀಯ. ಈಗ ನಮಗೆ ಬರುವುದು ಹೆಚ್ಚಾಗಿ ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಗಳು. ಟೀಚರಮ್ಮ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳುತ್ತ. ನಾನು ಪ್ರೂಫಿನ ಮೇಲೆ ಸ್ಕೇಲು ಇಟ್ಟು ಒಂದೊಂದೇ ಸಾಲು ಇಳಿಸುತ್ತೇನೆ. ಕಿವಿಗೆ ಬಿದ್ದದ್ದು ಕಣ್ಣಿಗೆ ಬೀಳದಿದ್ದರೆ ಅಲ್ಲಿ ತಪ್ಪಿದೆ ಎಂದರ್ಥ.

ನಾನು ಮಾತಾಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ದಿನಕ್ಕೆ ಆರು ಗಂಟೆ ಟೀಚರಮ್ಮನ ದನಿ ಕೇಳುತ್ತೇನೆ. ನನಗೆ ಅಷ್ಟು ಸಾಕಾಗುತ್ತದೆ.

ನೀನು ಹೇಗೆ ಮಾಡಿದರೂ ಚೆನ್ನಾಗಿಯೇ ಇರುತ್ತದೆ. ಆರೋಗ್ಯ ನೋಡಿಕೋ.

ಆ ಹಿಂದಿನ ಕೋಣೆಯನ್ನು ಬಾಗಿಲ ಸಮೇತ ಉಳಿಸಲು ಆಗುತ್ತದೆಯೇ, ನೋಡು.

ಅಪ್ಪ

(ಸಹಿಯ ಮೇಲಿನ ಕೊನೆಯ ಸಾಲಿಗೆ ಅಡ್ಡಗೀಟು ಎಳೆದಿತ್ತು. ಗೀಟಿನ ಕೆಳಗೆ, ಸಾಲಿನ ಉದ್ದಕ್ಕೂ, ಕೆಂಪು ಚುಕ್ಕಿಗಳಿದ್ದವು.)


ಮಾರ್ಚ್ 2

ಅಪ್ಪ,

ಮೊನ್ನೆ ನಿಮ್ಮ ಆಫೀಸಿಗೆ ಬಂದು ಸಭೆ ಸೇರಿಸಿ, ನಿಮ್ಮನ್ನು ಹಿಂದಿನ ಸಾಲಿನಲ್ಲಿ ನೋಡಿದಾಗ ಒಂದು ಕ್ಷಣ ನಾಲಿಗೆ ತಡವರಿಸಿತು. ನಲವತ್ತು ಜನರ ಮುಂದೆ ನಿಮ್ಮನ್ನು "ಸರ್" ಎನ್ನಬೇಕೋ "ಅಪ್ಪ" ಎನ್ನಬೇಕೋ ತಿಳಿಯದೆ ಕೊನೆಗೆ ಏನೂ ಅನ್ನಲಿಲ್ಲ. ಸಭೆ ಮುಗಿದ ಮೇಲೆ ರೈಲಿಗೆ ಹೊತ್ತಾಯಿತು, ಮನೆಗೂ ಬರಲಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಕ್ರಮ ನೀವು ನೋಡಿದಿರಲ್ಲ. ನಾನು ಯಾರ ಮೇಲೂ ಏನನ್ನೂ ಹೇರುವವಳಲ್ಲ, ಕೇಳಿಯೇ ಮಾಡುತ್ತೇನೆ. "ಬೇರೆ ಕೋಣೆ ಬೇಕೇ ಬೇಕು ಅನ್ನೋರು ಕೈ ಎತ್ತಿ" ಎಂದು ಎರಡು ಸಲ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಟೀಚರಮ್ಮ ನಿಮ್ಮ ಮುಖ ನೋಡಿದರು, ನೀವು ಮೇಜು ನೋಡಿದಿರಿ. ಮೌನಂ ಸಮ್ಮತಿ ಲಕ್ಷಣಂ ಎಂದು ಬರೆದುಕೊಂಡೆ.

ಆರ್ಡರ್ ತೆಗೆದುಕೊಳ್ಳುವ ಅಣ್ಣ ಇದ್ದಾರಲ್ಲ, ನೀವೆಲ್ಲ ರೇಡಿಯೋ ಎಂದು ಕರೆಯುವವರು, ಅವರು ನನ್ನ ಹಿಂದೆಯೇ ಮೆಟ್ಟಿಲವರೆಗೆ ಬಂದರು. "ಮೇಡಂ, ಹದಿನಾಲ್ಕು ವರ್ಷದಿಂದ ಬೀರು ಹಿಂದೆ ಒಬ್ನೇ ಕೂತಿದೀನಿ. ಸಾಯಂಕಾಲ ಆಗೋ ಹೊತ್ತಿಗೆ ಬಾಯಿ ಒಣಗಿರತ್ತೆ. ಮಾತಾಡಿ ಅಲ್ಲ, ಆಡದೇನೆ. ಏನಾದ್ರೂ ಮಾಡಿ" ಅಂದರು. ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರಿತ್ತು. ಅವರ ಕಷ್ಟ ನನಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಗೋಡೆಗಳನ್ನೆಲ್ಲ ತೆಗೆಯುತ್ತಿದ್ದೇನೆ. ಒಂದೇ ಹಾಲ್, ಉದ್ದುದ್ದ ಮೇಜುಗಳು. ನಿಮಗೆ ದೊಡ್ಡ ಕಿಟಕಿಯ ಎದುರಿನ ಮೇಜಿನ ನಟ್ಟನಡುವೆ ಜಾಗ ಇಟ್ಟಿದ್ದೇನೆ. ಇಡೀ ಆಫೀಸಿನಲ್ಲಿ ಅದೇ ಒಳ್ಳೆಯ ಜಾಗ. ಇನ್ನು ನೀವು ಯಾರದೋ ಗೋಡೆ ನೋಡುತ್ತ ಕೂರಬೇಕಾಗಿಲ್ಲ.

ನಿಮ್ಮ ಕಾಗದದ ಕೊನೆಯ ಸಾಲನ್ನೂ ನೋಡಿದೆ. ಚೆನ್ನಾಗಿ ಯೋಚಿಸಿಯೇ ಹೇಳುತ್ತಿದ್ದೇನೆ, ಬಾಗಿಲುಗಳ ಕಾಲ ಮುಗಿಯಿತು ಅಪ್ಪ.

ಪ್ರೀತಿಯಿಂದ,
ಮಾತಿನಮಲ್ಲಿ


ಮೇ 28

ಮಗೂ,

ಹೊಸ ಆಫೀಸು ಶುರುವಾಗಿ ಐದು ವಾರವಾಯಿತು. ಬೆಳಕು ಚೆನ್ನಾಗಿದೆ. ಮೇಜು ಗಟ್ಟಿಯಾಗಿದೆ, ಬರೆಯುವಾಗ ಅಲುಗುವುದಿಲ್ಲ. ರೇಡಿಯೋ ಹತ್ತು ವರ್ಷ ಚಿಕ್ಕವನಾಗಿದ್ದಾನೆ. ಮೊದಲು ದಿನಕ್ಕೆ ನಾಲ್ಕು ಆರ್ಡರ್ ತರುತ್ತಿದ್ದವನು ಈಗ ಏಳು ತರುತ್ತಾನಂತೆ. ಎಲ್ಲರೂ ನಿನ್ನನ್ನು ಹೊಗಳುತ್ತಾರೆ. ಕೇಳಿ ಸಂತೋಷವಾಗುತ್ತದೆ.

ನನ್ನ ಬೆನ್ನ ಹಿಂದೆ ಓಡಾಡುವ ದಾರಿ. ಹೋಗುವವರು ಬರುವವರು ಹೆಗಲು ತಟ್ಟಿ "ಏನ್ ಸಾರ್, ಆರಾಮಾ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ತಟ್ಟಿದಾಗ ಸ್ಕೇಲು ಜಾರುತ್ತದೆ. ಆಗ ಆ ಪುಟವನ್ನು ಮತ್ತೆ ಮೊದಲಿನಿಂದ ಓದುತ್ತೇನೆ.

ಟೀಚರಮ್ಮ ಗಟ್ಟಿಯಾಗಿ ಓದಿದರೆ ಫೋನಿನಲ್ಲಿರುವವರಿಗೆ ತೊಂದರೆ. ಮೆಲ್ಲಗೆ ಓದಿದರೆ ನನಗೆ ಕೇಳುವುದಿಲ್ಲ. ಎರಡು ವಾರ ಮೆಟ್ಟಿಲ ಕೆಳಗೆ ನಿಂತು ಓದಿದೆವು. ನಿಂತು ನಿಂತು ಅವರ ಮಂಡಿ ಬಾತುಕೊಂಡಿತು. ಈಗ ರಜೆ ಹಾಕಿದ್ದಾರೆ. "ಒಬ್ರೇ ಓದ್ಕೊಳಿ ಸಾರ್, ಈಗ ಎಲ್ಲಾ ಕಡೆ ಹಾಗೇ ಅಲ್ವಾ" ಎಂದು ಮ್ಯಾನೇಜರು ಹೇಳಿದ್ದಾರೆ. ಓದಿಕೊಳ್ಳುತ್ತಿದ್ದೇನೆ.

ಬೆಳಗ್ಗೆ ಆರಕ್ಕೇ ಹೋಗುತ್ತೇನೆ. ಕಾವಲಿನವನು ಒಳಗೆ ಬಿಡುತ್ತಾನೆ. ಒಂಬತ್ತರವರೆಗೆ ಯಾರೂ ಇರುವುದಿಲ್ಲ, ಆ ಮೂರು ಗಂಟೆ ಕೆಲಸ ಸಾಗುತ್ತದೆ. ಮಧ್ಯಾಹ್ನದ ಡಬ್ಬಿಯನ್ನು ಗೋದಾಮಿನಲ್ಲಿ, ಕಾಗದದ ರೀಮುಗಳ ನಡುವೆ ಕೂತು ಮುಗಿಸುತ್ತೇನೆ. ಅಲ್ಲಿ ತಂಪಾಗಿದೆ.

ನೀನು ಹೊತ್ತುಹೊತ್ತಿಗೆ ಊಟ ಮಾಡು.

ಅಪ್ಪ


ಜುಲೈ 6

ಅಪ್ಪ,

ನಿಮ್ಮ ಹಾಲ್‌ನ ಫೋಟೋ ನಮ್ಮ ವೃತ್ತಿಯವರ ಪತ್ರಿಕೆಯಲ್ಲಿ ಬಂದಿದೆ. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲರೂ ನಗುತ್ತಿದ್ದಾರೆ, ರೇಡಿಯೋ ಅಂತೂ ಹಲ್ಲು ಎಣಿಸಬಹುದು. ನಡುವೆ ಒಂದು ಬಗ್ಗಿದ ಬೆನ್ನು ಕಾಣುತ್ತದೆ, ಅದು ನೀವು.

ಸಾಹೇಬರು ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಅದೇ ದಿನ ನಿಮ್ಮ ಮ್ಯಾನೇಜರು ಫೋನ್ ಮಾಡಿ, "ಎಲ್ಲಾ ಸೊಗಸಾಗಿದೆ, ನಿಮ್ಮ ತಂದೆಯವ್ರು ಮಾತ್ರ ಯಾರ ಜೊತೆನೂ ಸೇರಲ್ಲ. ಊಟದ ಹೊತ್ತಿಗೆ ಎಲ್ಲೋ ಮಾಯ ಆಗ್ಬಿಡ್ತಾರೆ" ಅಂದರು. ನನಗೆ ನಾಚಿಕೆಯಾಯಿತು. ಊರಿಗೆಲ್ಲ ಹಿಡಿಸಿದ ಜಾಗ ನನ್ನ ಅಪ್ಪನಿಗೆ ಮಾತ್ರ ಯಾಕೆ ಹಿಡಿಸುವುದಿಲ್ಲ? ಜನ ಎಂದರೆ ನಿಮಗೆ ಅಷ್ಟು ಅಸಹ್ಯವೇ? ನಗುತ್ತ ಎರಡು ಮಾತಾಡಿದರೆ ಏನು ಹೋಗುತ್ತದೆ?

ಬರೆಯಬಾರದು ಎಂದುಕೊಂಡಿದ್ದೆ, ಈಗ ಬರೆದೇಬಿಡುತ್ತೇನೆ. ಅಮ್ಮನನ್ನು ಆಸ್ಪತ್ರೆಯಿಂದ ತಂದ ದಿನ ನನಗೆ ಹನ್ನೊಂದು ವರ್ಷ. ಮನೆ ತುಂಬ ಜನ. ಅತ್ತೆಯಂದಿರು, ಅಕ್ಕಪಕ್ಕದವರು, ಗುರುತಿಲ್ಲದವರು ಕೂಡ ನನ್ನನ್ನು ತಬ್ಬಿಕೊಂಡು ಅತ್ತರು, ನಿಮ್ಮೊಬ್ಬರನ್ನು ಬಿಟ್ಟು. ನೀವು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಹೊರಗೆ ಮೊಳೆಯಲ್ಲಿ ಸ್ಕೇಲು ನೇತಾಡುತ್ತಿತ್ತು. ನಾನು ಸಂಜೆಯವರೆಗೆ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅವತ್ತೂ ನಿಮಗೆ ಪ್ರೂಫ್ ಇತ್ತೇ ಅಪ್ಪ?

ಮುಚ್ಚಿದ ಬಾಗಿಲು ಕಂಡರೆ ಇವತ್ತಿಗೂ ನನಗೆ ತಡೆಯಲಾಗುವುದಿಲ್ಲ. ನಾನು ಆಫೀಸುಗಳ ಗೋಡೆ ಒಡೆಸುವುದು ಬೆಳಕಿಗಾಗಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಏನೆಂದು ನಿಮಗೊಬ್ಬರಿಗೆ ಗೊತ್ತಿರಲಿ.

ಮಗಳು


ಸೆಪ್ಟೆಂಬರ್ 12

ಮಗೂ,

ಅವತ್ತು ಪ್ರೂಫ್ ಇರಲಿಲ್ಲ.

ಇಷ್ಟು ಬರೆಯಲು ಎರಡು ತಿಂಗಳು ಹಿಡಿಯಿತು. ಅಷ್ಟು ಜನರ ಮುಂದೆ ಅಳುವುದು ನನಗೆ ಬರುವುದಿಲ್ಲ. ಎಲ್ಲರೂ ಏನೇನೋ ಹೇಳುತ್ತಿದ್ದರು. ಇನ್ನೊಂದು ಮಾತು ಕಿವಿಗೆ ಬಿದ್ದರೆ ಅಲ್ಲೇ ಬೀಳುತ್ತೇನೆ ಅನಿಸಿತು. ಒಳಗೆ ಹೋಗಿ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ಕಡೆ ನೀನು ಬಂದು ಕೂತೆ. ಬಾಗಿಲು ತೆಳ್ಳಗಿತ್ತು. ನೀನು ಒರಗಿದ್ದು ನನ್ನ ಬೆನ್ನಿಗೆ ತಿಳಿಯಿತು. ಅಮ್ಮನ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋದರು ಎಂದು ನೀನು ಹೇಳಿದೆ. ನಾಳೆ ಶಾಲೆಗೆ ಜಡೆ ಯಾರು ಹಾಕುತ್ತಾರೆ ಎಂದು ಕೇಳಿದೆ. ಆಮೇಲೆ ಮಗ್ಗಿ ಹೇಳತೊಡಗಿದೆ. ಹದಿನೇಳರ ಮಗ್ಗಿಯಲ್ಲಿ ತಪ್ಪಿದೆ, ನೀನೇ ತಿದ್ದಿಕೊಂಡೆ. ಎಲ್ಲವೂ ಕೇಳುತ್ತಿತ್ತು. ನೀನು ಅಲ್ಲಿ ಕೂತು ಮಾತಾಡುತ್ತಿದ್ದೆ ಎಂದೇ ನಾನು ಆ ದಿನ ದಾಟಿದೆ.

ಸ್ಕೇಲು ನೇತುಹಾಕಿದ್ದು ಊರಿನವರಿಗೆ, ನಿನಗಲ್ಲ. ಬಾಗಿಲು ತೆಗೆದು ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ವಾರ ಕಳೆದು ನೀನು ಶಾಲೆಗೆ ಹೊರಟಾಗ ಜಡೆ ನಾನೇ ಹಾಕಿದೆ, ಸೊಟ್ಟಗಾಗಿತ್ತು.

ಇನ್ನೊಂದು ವಿಷಯ. ಮಕ್ಕಳ ಜ್ವರದ ಔಷಧದ ಚೀಟಿಯಲ್ಲಿ ಒಂದು ಸಾಲು ಬಿಟ್ಟುಹೋಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂಬ ಸಾಲು. ಅಕ್ಷರ ಜೋಡಿಸುವವರು ಬಿಟ್ಟಿದ್ದರು, ಹಿಡಿಯಬೇಕಾದವನು ನಾನು. ಅದೇ ಹೊತ್ತಿಗೆ ಯಾರೋ ಹೆಗಲು ತಟ್ಟಿದ ನೆನಪು. ಮೂಲ ಪ್ರತಿಯ ಮೇಲೆ ಸ್ಕೇಲನ್ನು ಒಂದು ಸಾಲು ಕೆಳಗೆ ಇಟ್ಟಿರಬೇಕು. ಡಬ್ಬಿಗಳು ಅಂಗಡಿ ಸೇರುವ ಮೊದಲೇ ಔಷಧ ಕಂಪನಿಯವರು ನೋಡಿದರು. ಯಾವ ಮಗುವಿಗೂ ಏನೂ ಆಗಲಿಲ್ಲ. ಚೀಟಿಗಳನ್ನೆಲ್ಲ ಕತ್ತರಿಸಿ ಹಾಕಿದರು.

ಇಪ್ಪತ್ತೊಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದೆ. ಯಾರೂ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ರೇಡಿಯೋ ಬಂದು ಕೈ ಹಿಡಿದುಕೊಂಡು, "ಬಿಡಿ ಸಾರ್, ಮನುಷ್ಯ ಅಂದ್ಮೇಲೆ ಆಗತ್ತೆ" ಅಂದ. ನಲವತ್ತು ಜನ ನೋಡುತ್ತಿದ್ದರು. ತಲೆ ತಗ್ಗಿಸಿ ಕೂರಲು ಒಂದು ಮೂಲೆ ಇರಲಿಲ್ಲ.

ಕೆಲಸ ಬಿಟ್ಟಿದ್ದೇನೆ. ನಿನ್ನ ಹಾಲ್‌ಗೂ ಇದಕ್ಕೂ ಸಂಬಂಧವಿಲ್ಲ, ವಯಸ್ಸಾಯಿತು. ಈಗ ಮನೆಯಲ್ಲಿ ಪೇಪರು ಓದಿದರೂ ಒಂದೊಂದು ಸಾಲನ್ನು ಮೂರು ಮೂರು ಸಲ ಓದುತ್ತೇನೆ. ಓದಿದ್ದನ್ನು ನಂಬಲು ಆಗುತ್ತಿಲ್ಲ.

ಅಪ್ಪ


ಸೆಪ್ಟೆಂಬರ್ 17

ಅಪ್ಪ,

ನಿಮ್ಮ ಕಾಗದ ಓದಿ ಆಫೀಸಿನಲ್ಲೇ ಅತ್ತೆ. ನಮ್ಮದೂ ಗೋಡೆಯಿಲ್ಲದ ಆಫೀಸು. ಏನಾಯಿತು ಎಂದು ಆರು ಜನ ಓಡಿ ಬಂದರು. ಮೊದಲ ಸಲ ನನಗೆ ಎಲ್ಲಾದರೂ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು ಅನಿಸಿತು. ಹೋಗಲು ಬಚ್ಚಲುಮನೆ ಬಿಟ್ಟು ಬೇರೆ ಜಾಗ ಇರಲಿಲ್ಲ.

ಕಾಲೇಜಿನಲ್ಲಿ ಇದರ ಬಗ್ಗೆ ಒಂದು ಪಾಠವೇ ಇತ್ತು. ಜನರ ನಡುವೆ ಚಿಗುರುವವರು ಇರುತ್ತಾರೆ, ಜನರ ನಡುವೆ ಬಳಲುವವರೂ ಇರುತ್ತಾರೆ, ಆಫೀಸು ಇಬ್ಬರಿಗೂ ಜಾಗ ಕೊಡಬೇಕು ಎಂದು. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ದೀಪದ ಬುಡದಲ್ಲೇ ಕತ್ತಲು. ಬಳಲುವವರು ಯಾರು ಎಂದು ಕಂಡುಹಿಡಿಯಲು ನಾನು ನಲವತ್ತು ಜನರ ಮುಂದೆ ಕೈ ಎತ್ತಿ ಎಂದೆ. ಕೈ ಎತ್ತಬಲ್ಲವರಿಗೆ ಆ ಕೋಣೆ ಬೇಕಾಗಿಯೇ ಇರುತ್ತಿರಲಿಲ್ಲ.

ಆದರೆ ನನಗೆ ನಿಮ್ಮ ಮೇಲೂ ಸಿಟ್ಟಿದೆ. ಏನು ಬೇಕೋ ಬರೆಯಿರಿ ಎಂದು ಕೇಳಿದ್ದೆನಲ್ಲ. ಕೋಣೆ ಉಳಿಸು ಎಂದು ಬರೆದಿರಿ, ಬರೆದದ್ದನ್ನು ನೀವೇ ಹೊಡೆದುಹಾಕಿದಿರಿ. ಬೇಡವೆಂದು ನಿಮಗೇ ಅನಿಸಿದೆ, ಒಳ್ಳೆಯದಾಯಿತು ಎಂದುಕೊಂಡೆ. ಆ ಗೀಟು ಎಳೆಯದೆ ಇದ್ದಿದ್ದರೆ ನಾನು ಒಂದು ಇಟ್ಟಿಗೆಯನ್ನೂ ಮುಟ್ಟುತ್ತಿರಲಿಲ್ಲ.

ಮ್ಯಾನೇಜರ ಹತ್ತಿರ ಮಾತಾಡಿದ್ದೇನೆ. ಗೋದಾಮಿನ ಪಕ್ಕದ ಮೂಲೆಯಲ್ಲಿ ಕೋಣೆ ಕಟ್ಟಿಸುತ್ತಿದ್ದೇನೆ. ಎಂಟು ಅಡಿ, ಹತ್ತು ಅಡಿ. ಸೂರಿನವರೆಗೂ ಗೋಡೆ, ದಪ್ಪ ಮರದ ಬಾಗಿಲು, ಹೊರಗೆ ಒಂದು ಮೊಳೆ. ಮತ್ತೆ ಕೆಲಸಕ್ಕೆ ಹೋಗಿ ಅಪ್ಪ.

ಮಲ್ಲಿ


ಅಕ್ಟೋಬರ್ 25

ಮಗೂ,

ನಿನ್ನ ಅಪ್ಪನ ಜೊತೆ ಪ್ರೂಫ್ ಓದುತ್ತಿದ್ದ ಟೀಚರಮ್ಮ ನಾನು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ಓದಿಯೇ ಅಭ್ಯಾಸ, ಸ್ವಂತ ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯಬೇಕಾಗಿದೆ.

ನೀನು ಕಟ್ಟಿಸಿದ ಕೋಣೆ ತಯಾರಾಗಿದೆ, ಚೆನ್ನಾಗಿದೆ. ನನ್ನನ್ನು ವಾಪಸು ಕರೆದಿದ್ದಾರೆ. ಹೊಸಬರೊಬ್ಬರ ಜೊತೆ ಓದುತ್ತಿದ್ದೇನೆ. ನಿನ್ನ ಅಪ್ಪನನ್ನು ಕರೆಯಲು ಮನೆಗೆ ಹೋಗಿದ್ದೆ. ಚಹಾ ಮಾಡಿ ಕೊಟ್ಟರು, ಮಂಡಿ ಹೇಗಿದೆ ಎಂದು ಕೇಳಿದರು. ಬರುವುದಿಲ್ಲ ಅಂದರು. "ಆ ಸಾಲು ಕಣ್ಣ ಮುಂದೇನೇ ಇದೆ ಟೀಚರಮ್ಮ. ಇನ್ನು ಯಾವ ಚೀಟಿಗೂ ಸರಿ ಇದೆ ಅಂತ ನಾನು ಸಹಿ ಹಾಕಲಾರೆ" ಅಂದರು. ಈಗ ದಿನವಿಡೀ ಅವರ ಮನೆಯ ಕೋಣೆಯ ಹೊರಗೆ ಒಂದು ಸ್ಕೇಲು ನೇತಾಡುತ್ತದೆ. ಒಳಗೆ ಪ್ರೂಫೂ ಇಲ್ಲ, ಏನೂ ಇಲ್ಲ.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನಿನ್ನ ಕೊನೆಯ ಕಾಗದವನ್ನು ನನಗೆ ತೋರಿಸಿದರು. ನಮ್ಮ ಕೆಲಸದಲ್ಲಿ ಒಂದು ಗುರುತಿದೆ. ತಪ್ಪೆಂದು ಹೊಡೆದ ಸಾಲು ಸರಿಯಾಗಿಯೇ ಇತ್ತು ಎಂದು ಆಮೇಲೆ ಅನಿಸಿದರೆ, ನಾವು ಅದನ್ನು ಮತ್ತೆ ಬರೆಯುವುದಿಲ್ಲ. ಗೀಟಿನ ಕೆಳಗೆ ಚುಕ್ಕಿ ಇಡುತ್ತೇವೆ. ಹೊಡೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ, ಸಾಲು ಇದ್ದ ಹಾಗೇ ಇರಲಿ ಎಂದರ್ಥ. ಜನವರಿಯ ಕಾಗದದಲ್ಲಿ ಚುಕ್ಕಿ ಇತ್ತೋ ಇಲ್ಲವೋ, ತೆಗೆದು ನೋಡು.

ನಿನ್ನ ಅಪ್ಪ ಕೇಳಿದ್ದರು ಕಣಮ್ಮ. ಮಗಳ ಕೆಲಸದಲ್ಲಿ ಬಾಯಿ ಹಾಕಬಾರದು ಎಂದು ಹೊಡೆದರಂತೆ, ಆಮೇಲೆ ಧೈರ್ಯ ಮಾಡಿ ಚುಕ್ಕಿ ಇಟ್ಟರಂತೆ. ಬಾಗಿಲುಗಳ ಕಾಲ ಮುಗಿಯಿತು ಎಂದು ನೀನು ಬರೆದೆ. ಅವರು, "ಅವಳು ನೋಡಿ ಬೇಡ ಅಂದ್ಲು, ಅವಳಿಗೆ ಗೊತ್ತಿರತ್ತೆ" ಎಂದು ಸುಮ್ಮನಾದರು. ಸಭೆಯಲ್ಲಿ ಕೈ ಎತ್ತಲು ನಾನು ಹೊರಟೆ, ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು. ಮೊನ್ನೆ ನಿನ್ನ ಕಾಗದ ಮಡಚುತ್ತ, "ಅವಳಿಗೆ ಚುಕ್ಕಿ ಗೊತ್ತೇ ಇರ್ಲಿಲ್ಲ. ನಾನೇ ಕಲಿಸ್ಲಿಲ್ಲ" ಅಂದರು.

ಒಂದು ಸಲ ಹೋಗಿ ಬಾ. ಹೋದಾಗ ತೀರಾ ಸಮಾಧಾನ ಹೇಳಲು ಹೋಗಬೇಡ, ಸುಮ್ಮನೆ ಹತ್ತಿರ ಇರು.

ಟೀಚರಮ್ಮ


ನವೆಂಬರ್ 2, ಬಾಗಿಲ ಹೊರಗಿನಿಂದ

ಅಪ್ಪ,

ನನ್ನ ಹತ್ತಿರ ಹಳೆಯ ಬೀಗದಕೈ ಇನ್ನೂ ಇದೆ. ಹತ್ತು ಗಂಟೆಗೆ ಒಳಗೆ ಬಂದೆ. ನಿಮ್ಮ ಚಪ್ಪಲಿ ಇದೆ, ಮೊಳೆಯಲ್ಲಿ ಸ್ಕೇಲು ಇದೆ. ಅದಕ್ಕೇ ಕರೆಯಲಿಲ್ಲ, ತಟ್ಟಲಿಲ್ಲ. ಚೀಲದಲ್ಲಿ ಬೇರೆ ಹಾಳೆ ಇರಲಿಲ್ಲ, ನಿಮ್ಮ ಹೊಸ ಕೋಣೆಯ ನಕ್ಷೆಯ ಹಿಂಬದಿಯಲ್ಲಿ ಬರೆದು ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ.

ಜನವರಿಯ ಕಾಗದ ತೆಗೆದು ನೋಡಿದೆ. ಇಪ್ಪತ್ತೇಳು ಚುಕ್ಕಿಗಳಿವೆ. ಒಂದೂ ಅವಸರದಲ್ಲಿ ಇಟ್ಟದ್ದಲ್ಲ. ನಾನು ಅವನ್ನು ಪೆನ್ನು ಸೋರಿದ್ದು ಎಂದುಕೊಂಡಿದ್ದೆ. ಜೀವಮಾನದಲ್ಲಿ ನೀವು ನನ್ನನ್ನು ಕೇಳಿದ್ದು ಒಂದೇ ಒಂದು ಬಾಗಿಲು. ಅದನ್ನು ನಾನು ಒಡೆಸಿ, ಫೋಟೋ ಹಿಡಿಸಿ, ನಿಮಗೇ ಕಳಿಸಿಕೊಟ್ಟೆ.

ನೀವು ಹೊರಗೆ ಬರಬೇಕು ಎಂದು ಬರೆಯುತ್ತಿಲ್ಲ. ನಾನು ಬಂದಿದ್ದೇನೆ ಎಂದು ತಿಳಿದಿರಲಿ, ಅಷ್ಟೇ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮಲ್ಲಿ

(ಸಹಿಯ ಮೇಲಿನ ಕೊನೆಯ ಸಾಲಿಗೆ ಅಡ್ಡಗೀಟು ಎಳೆದಿತ್ತು. ಹಾಳೆ ಬಾಗಿಲ ಒಳಗೆ ಹೋದಾಗ ಅದರ ಕೆಳಗೆ ಚುಕ್ಕಿ ಇರಲಿಲ್ಲ.)


ಅದೇ ದಿನ, ಅದೇ ಹಾಳೆಯ ಕೆಳಭಾಗದಲ್ಲಿ

ಮಗೂ,

ಮೂರು ಸಲ ಓದಿದೆ. ತಪ್ಪು ಕಾಣಲಿಲ್ಲ. ಇಲ್ಲವೋ, ನನಗೆ ಕಾಣುತ್ತಿಲ್ಲವೋ, ಹೇಳಲಾರೆ.

ನೀನು ಹೊಡೆದ ಸಾಲಿಗೆ ಚುಕ್ಕಿ ಇಟ್ಟಿದ್ದೇನೆ.

ಬಾಗಿಲು ಇವತ್ತು ತೆಗೆಯಲಾರೆ. ಹೋಗಬೇಡ. ನಾನೂ ಇಲ್ಲೇ ಒರಗಿ ಕೂತಿದ್ದೇನೆ. ಹದಿನೇಳರ ಮಗ್ಗಿ ಹೇಳು.

ಅಪ್ಪ